ಮಟ್ಟೆ ಹಾಸಿದ ದಾರಿ

ಆ ದಿನದ ಕಾರು ನಮ್ಮದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡೆದದ್ದನ್ನೆಲ್ಲ ಕಚೇರಿಯ ತಲೆಗೆ ಕಟ್ಟಿ ತಾನು ಕೈ ತೊಳೆದುಕೊಳ್ಳುವ ಬರವಣಿಗೆಯನ್ನು ನಾನು ಸಾಕಷ್ಟು ಓದಿದ್ದೇನೆ, ಒಂದೆರಡು ಸಲ ಬರೆದೂ ಇದ್ದೇನೆ. ಇಂಜಿನಿಯರ್ ಕಚೇರಿಯ ಜೀಪು ಕೆಟ್ಟು ಗ್ಯಾರೇಜಿನಲ್ಲಿ ನಿಂತಿತ್ತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ನನ್ನ ತಂದೆ, ಸ್ಥಳ ತನಿಖೆಗೆ ಹೊರಟ ಇಂಜಿನಿಯರ್ ಸಾಹೇಬರಿಗೆ ತಮ್ಮ ಅಂಬಾಸಿಡರ್ ಕೊಟ್ಟರು. ಕೊಟ್ಟದ್ದಷ್ಟೇ ಅಲ್ಲ, ಹಣೆತುಂಬ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ತಾವೇ ಓಡಿಸಲು ಕೂತರು. ಹಿಂದಿನ ಸೀಟಿನಲ್ಲಿ ಕಡತದ ಜೊತೆ ನಾನು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮೈಸೂರಿನಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದು, ಊರಿನ ಪ್ರತಿಯೊಂದು ಅನ್ಯಾಯವೂ ನನ್ನ ಒಂದು ಒಳ್ಳೆಯ ವಾಕ್ಯಕ್ಕಾಗಿ ಕಾದು ಕೂತಿದೆಯೆಂದು ನಂಬಿದ್ದ ಕಾಲ.

ನಾವು ನೋಡಲು ಹೊರಟಿದ್ದು ಒಂದು ದ್ವೀಪವನ್ನು. ಆ ಪದವೂ ನನ್ನದೇ.

ನೊಣವಿನಕೆರೆ ದಾಟಿ ತುರುವೇಕೆರೆಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ದೊಡ್ಡ ಕೆರೆ ಸಿಗುತ್ತದೆ. ಅದರ ಹೆಸರು ಇಲ್ಲಿ ಬೇಡ. ಕೆರೆಯ ಹೊಟ್ಟೆಯ ನಡುವೆ ಒಂದು ಎತ್ತರದ ದಿಬ್ಬ, ದಿಬ್ಬದ ತುಂಬ ತೆಂಗು, ತೆಂಗಿನ ನೆರಳಲ್ಲಿ ಹದಿನೆಂಟು ಮನೆ. ಸುತ್ತಲಿನವರು ಅದನ್ನು ಗಡ್ಡೆ ಎನ್ನುತ್ತಾರೆ. ಆಶ್ವೀಜದ ಮಳೆಗೆ ಕೆರೆ ತುಂಬಿದರೆ ಪುಷ್ಯ, ಮಾಘದವರೆಗೂ ಗಡ್ಡೆಯ ನಾಲ್ಕೂ ಕಡೆ ಆಳೆತ್ತರದ ನೀರು. ಆಗ ಅಲ್ಲಿನವರು ಬಾಳೆದಿಂಡು ಕಟ್ಟಿದ ತೆಪ್ಪದ ಮೇಲೆ ಓಡಾಡುತ್ತಾರೆ, ಗಾಳಿಯಿದ್ದರೆ ಅದೂ ಇಲ್ಲ. ಬೇಸಿಗೆಯಲ್ಲಿ ಕೆರೆ ಬತ್ತುತ್ತದೆ, ಕೆರೆಯಂಗಳದಲ್ಲೇ ನಡೆದು ಹೋಗಬಹುದು. ಮಳೆಗಾಲಕ್ಕೆಂದು ದಡದಿಂದ ಗಡ್ಡೆಗೆ ಮೋರಿಯಿಟ್ಟ ಒಂದು ಎತ್ತರದ ಕಟ್ಟೆದಾರಿ ಬೇಕು: ಅವರ ಬೇಡಿಕೆ ಇಷ್ಟೇ.

ಗಡ್ಡೆಯ ಒಬ್ಬ ಹುಡುಗಿಗೆ ಆ ಕಟ್ಟೆದಾರಿ ಉಳಿದವರಿಗಿಂತ ಹೆಚ್ಚಾಗಿ ಬೇಕಾಗಿತ್ತು. ಅವಳ ಅಪ್ಪ ನಮ್ಮ ಮಂಡಿಗೆ ಕೊಬ್ಬರಿ ತರುತ್ತಿದ್ದವನು. ಅವಳು ಗಡ್ಡೆಯಿಂದ ಹೈಸ್ಕೂಲಿಗೆ ಹೋದ ಮೊದಲ ಹೆಣ್ಣುಮಗು. ಒಂಬತ್ತನೆಯ ತರಗತಿಯಲ್ಲಿ ನೀರು ನಿಂತ ನಾಲ್ಕು ತಿಂಗಳು ಶಾಲೆಗೆ ಹೋಗಲಾಗದೆ ಹಾಜರಾತಿ ಕಳೆದುಕೊಂಡಿದ್ದಳು. ಹೆಡ್ಮಾಸ್ತರು ದಯೆ ತೋರಿ ಪಾಸು ಮಾಡಿದ್ದರು. ಹತ್ತನೆಯ ತರಗತಿಗೆ ತಮ್ಮ ದಯೆ ನಡೆಯುವುದಿಲ್ಲ, ಹಾಜರಾತಿಯಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದೂ ಹೇಳಿದ್ದರು. ಬೇಸಿಗೆ ರಜೆ ಮುಗಿದರೆ ಅವಳು ಹತ್ತನೆಯ ತರಗತಿ.

ಅರ್ಜಿ ಬರೆದದ್ದು ನಮ್ಮ ಮಂಡಿಯ ಜಗಲಿಯಲ್ಲಿ. ಅಪ್ಪ ಮಗಳು ಇಬ್ಬರೂ ಬಂದಿದ್ದರು. ನಾನು ಫುಲ್‌ಸ್ಕೇಪ್ ಹಾಳೆಗೆ ಅಂಚು ಮಡಿಸಿ ಶುರುಮಾಡಿದೆ: "ಸರ್ವ ದಿಕ್ಕುಗಳಲ್ಲಿಯೂ ಜಲಾವೃತವಾಗಿರುವ ಈ ದ್ವೀಪದ ನಿವಾಸಿಗಳಾದ ನಾವು..."

ಹುಡುಗಿ ಬಗ್ಗಿ ಓದಿದಳು. "ಅಕ್ಕ, ಗಡ್ಡೆ ಅಂತ್ಲೇ ಬರೀರಿ. ಎಲ್ಲಾರ್ಗೂ ತಿಳೀತದೆ."

"ಗಡ್ಡೆ ಅಂದ್ರೆ ಆಲೂಗಡ್ಡೆ ಅನ್ಕೋತಾರೆ ಕಣೇ ಆಫೀಸಲ್ಲಿ," ಎಂದೆ. ಅವಳಪ್ಪ ನಕ್ಕ. ಅವಳು ನಗಲಿಲ್ಲ.

"ಮಳೆಗಾಲದಾಗೆ ನಾಕು ತಿಂಗಳು ನೀರು, ಬ್ಯಾಸಗೇಲಿ ನಡ್ಕಂಡ್ ಬರಬೋದು, ಅಂತ ಸೇರ್ಸಿ."

ಅದನ್ನು ಸೇರಿಸಬಾರದೆಂದು ನಾನು ವಿವರಿಸಿದೆ. ನಮಗೆ ವಿರುದ್ಧವಾದ ಮಾತನ್ನು ನಾವೇ ಬರೆದುಕೊಟ್ಟರೆ ಅರ್ಜಿಯ ಬಲ ಹೋಗುತ್ತದೆ, ಭಾಷೆಗೆ ಒಂದು ಬಿಗಿ ಇರಬೇಕು ಎಂದೆಲ್ಲ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದ ಬಿಗಿ ಅದು. ಹದಿನೈದು ವರ್ಷದ ಆ ಹುಡುಗಿಯ ಎರಡು ವಾಕ್ಯದಲ್ಲಿ ಇಡೀ ಸತ್ಯವಿತ್ತು. ನನ್ನ ಎರಡು ಪುಟದಲ್ಲಿ ಅದರ ಅರ್ಧ, ಆದರೆ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಅರ್ಜಿ ಕೊಟ್ಟದ್ದು ಕೆರೆ ತುಂಬಿದ್ದಾಗ. ಸಾಹೇಬರು ಪರಿಶೀಲನೆಗೆ ಹೊರಟದ್ದು ವೈಶಾಖದಲ್ಲಿ.

ಹನ್ನೊಂದು ಗಂಟೆಗೇ ಕಾರಿನ ಬಾಗಿಲು ಮುಟ್ಟಲಾಗದಷ್ಟು ಕಾದಿತ್ತು. ಸಾಹೇಬರು ಕಿಟಕಿಗೆ ಒದ್ದೆ ಟವೆಲ್ ಸಿಕ್ಕಿಸಿಕೊಂಡಿದ್ದರು. ಕೆಟ್ಟ ಮನುಷ್ಯರೇನಲ್ಲ; ದಾರಿಯುದ್ದಕ್ಕೂ ತಮ್ಮ ಮಗಳ ಸಂಗೀತಪಾಠದ ಬಗ್ಗೆ ಮಾತಾಡಿದರು, ನನ್ನ ಓದಿನ ಬಗ್ಗೆ ಕೇಳಿದರು. ಏರಿಯ ಮೇಲೆ ಕಾರು ಹತ್ತಿದಾಗ ಕೆಳಗೆ ಕೆರೆಯಂಗಳ ಕಾಣಿಸಿತು. ಬಿರುಕುಬಿಟ್ಟ ಬೂದುಬಣ್ಣದ ಗೋಡುಮಣ್ಣು, ಅಲ್ಲಲ್ಲಿ ಮೇಯುವ ದನ, ನಡುವೆ ಕಡುಹಸಿರಾಗಿ ಎದ್ದ ಗಡ್ಡೆ. ತಂದೆ ಕಾರು ನಿಲ್ಲಿಸಿದರು.

"ಇಲ್ಲಿಂದ ನಡೀಬೇಕು ಸಾರ್," ಎಂದೆ ನಾನು. ಸಾಹೇಬರು ನಡೆಯಬೇಕೆಂದೇ ನನ್ನ ಆಸೆ. ಗೋಡಿನ ಮೇಲ್ಪದರ ಒಣಗಿದ್ದರೂ ತೂಬಿನ ಹಳ್ಳದ ಹತ್ತಿರ ಒಂದು ಫರ್ಲಾಂಗಿನಷ್ಟು ಜೌಗು ಬೇಸಿಗೆಯಲ್ಲೂ ಆರುವುದಿಲ್ಲ, ಗಡ್ಡೆಗೆ ಅದನ್ನು ತುಳಿದೇ ಹೋಗಬೇಕು. ಮೊಣಕಾಲುದ್ದ ಕೆಸರಿನಲ್ಲಿ ಅವರ ಬೂಟು ಒಮ್ಮೆ ಹೂತರೆ ನನ್ನ ಎರಡು ಪುಟ ಮಾಡಲಾಗದ ಕೆಲಸವನ್ನು ಆ ಕೆಸರು ಮಾಡುತ್ತದೆಂದು ಲೆಕ್ಕ ಹಾಕಿದ್ದೆ.

ಆಗ ಏರಿಯ ಕೆಳಗಿನಿಂದ ಹುಡುಗಿಯ ಅಪ್ಪ ಓಡಿಬಂದ. ಮೈಯೆಲ್ಲ ಬೆವರು, ಹೆಗಲ ಮೇಲೆ ಟವೆಲ್ಲು, ಮುಖದಲ್ಲಿ ಗೆದ್ದ ಕಳೆ. "ಇಳೀಬ್ಯಾಡ್ರಿ ಸ್ವಾಮಿ, ಇಳೀಬ್ಯಾಡ್ರಿ! ಕಾರೇ ಓಯ್ತದೆ. ದಾರಿ ಮಾಡೀವಿ."

ಮಾಡಿದ್ದರು. ಹಿಂದಿನ ಎರಡು ದಿನ ಹದಿನೆಂಟೂ ಮನೆಯವರು ಸೇರಿ, ಕಾಯಿ ಸುಲಿದು ಒಟ್ಟಿದ್ದ ಮಟ್ಟೆಯನ್ನೆಲ್ಲ ಹೊತ್ತು ತಂದು ಜೌಗಿನ ಮೇಲೆ ಹಾಸಿದ್ದರು. ಬೆನ್ನು ಮೇಲಾಗಿ ಒತ್ತೊತ್ತಾಗಿ ಜೋಡಿಸಿದ ಮಟ್ಟೆ, ಅದರ ಮೇಲೆ ಅಡ್ಡಡ್ಡವಾಗಿ ಹಸಿ ಗರಿ, ಗರಿಯ ಮೇಲೆ ಒಣಮಣ್ಣು. ಮನೆಗೆ ದೊಡ್ಡವರು ಬಂದಾಗ ಅಂಗಳ ಸಾರಿಸುವ ಹಾಗೆ ಅವರು ಕೆರೆಯಂಗಳವನ್ನು ಸಾರಿಸಿದ್ದರು. ಒಲೆಗೆಂದು ಇಟ್ಟುಕೊಂಡಿದ್ದ ಇಡೀ ವರ್ಷದ ಉರುವಲು ಅದು.

ನಾನು ಕಾರಿನಿಂದಿಳಿದು ಅವನನ್ನು ಪಕ್ಕಕ್ಕೆ ಕರೆದೆ. "ಯಾಕೆ ಹಿಂಗೆ ಮಾಡಿದ್ರಿ? ಅವರು ಕೆಸರು ತುಳೀಲಿ ಅಂತಾನೇ ಕರ್ಕೊಂಡ್ ಬಂದದ್ದು."

ಅವನಿಗೆ ನನ್ನ ಮಾತೇ ಅರ್ಥವಾಗಲಿಲ್ಲ. "ಅದೆಂಗಾಯ್ತದವ್ವ? ನಮ್ಮೂರಿಗೆ ಅಂತ ಬಂದೋರ ಕಾರು ಹೂತ್ಕಂಡ್ರೆ ನಮ್ ಮರ್ವಾದಿ ಏನಾಗ್ಬೇಕು? ಗಡ್ಡೇಲಿ ಮನುಷ್ರೇ ಇಲ್ಲ ಅನ್ಕಳಲ್ವ?"

ಮರ್ಯಾದೆಯ ಮುಂದೆ ನನ್ನ ತಂತ್ರ ಸೋತಿತು. ಕಾರು ಮಟ್ಟೆಯ ಮೇಲೆ ಕರಕರ ಸದ್ದು ಮಾಡುತ್ತ, ತೊಟ್ಟಿಲಿನಂತೆ ತೂಗುತ್ತ ಹೊರಟಿತು. ಇಕ್ಕೆಲದಲ್ಲೂ ಗಡ್ಡೆಯ ಗಂಡಸರು ಓಡುತ್ತ, ಚಕ್ರದ ಕೆಳಗೆ ಮಟ್ಟೆ ಕುಸಿದಲ್ಲೆಲ್ಲ ಇನ್ನೊಂದನ್ನು ತುರುಕುತ್ತಿದ್ದರು. "ಎಡಕ್ ಎಡಕ್! ಲೇ, ನಿನ್ ಕಾಲು ತೆಗಿಯಲಾ, ಮಟ್ಟೆ ಅಂತ ಅದ್ರ ಮ್ಯಾಲೂ ಹತ್ತುಸ್ತಾರೆ!" ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಸಂತೋಷಪಟ್ಟರು. ನನ್ನ ತಂದೆ ಜಂಬದಿಂದ ಹಾರನ್ ಬಾರಿಸಿದರು. ಗಡ್ಡೆಯ ಮೇಲೆ ಕಾರು ಹತ್ತಿದ್ದು ಅದೇ ಮೊದಲು.

ಹೆಂಗಸರು ಗುಂಪುಗೂಡಿದ್ದರು. ಒಬ್ಬಾಕೆ ಬಾನೆಟ್ ಮುಟ್ಟಿ ಕೈ ಸುಟ್ಟುಕೊಂಡು, "ಗಡ್ಡೆಗೆ ಹೆಣ್ ಕೊಡಲ್ಲ ಅಂತಿದ್ರಲ್ಲೇ, ನೋಡ್ರೇ, ಈಗ ಕಾರಲ್ಲೇ ಬತ್ತಾವ್ರೆ," ಎಂದಳು. "ಹೆಣ್ ನೋಡಾಕೆ ಬಂದಿಲ್ಲ ಕಣೇ, ನೀರು ನೋಡಾಕೆ ಬಂದವ್ರೆ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ನೀರೆಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅವರಿಗೆ ಅದು ಬಂದುಹೋಗುವ ನೆಂಟ, ಈಗ ಇಲ್ಲ, ಬರುತ್ತದೆ, ಅಷ್ಟೇ.

ಎಳನೀರು ಬಂತು. ನಮ್ಮ ಸೀಮೆಯಲ್ಲಿ ಎಳನೀರು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟದ ಮೇಲೆ ವರ್ಷ ಕಳೆಯಬೇಕು, ನೀರು ಒಳಗೇ ಇಂಗಿ ಅಲ್ಲಾಡಿಸಿದರೆ ಒಣಗಿದ ತಿರುಳು, ಗಿಟಕು, ಸದ್ದು ಮಾಡಬೇಕು. ಅದು ಕೊಬ್ಬರಿ, ಅದು ಬಾಳು. ಆ ದಿನ ಅವರು ಒಂದು ಗೊನೆಯನ್ನೇ ಇಳಿಸಿದರು. ಸಾಹೇಬರು ಮೂರು ಕುಡಿದು, ಕೊಡೆ ಬಿಚ್ಚಿ, ಗಡ್ಡೆಯನ್ನು ನಡೆದು ನೋಡಲು ಎದ್ದರು.

ಅಷ್ಟು ಬಿಸಿಲಿನಲ್ಲಿ ಅಷ್ಟು ಶ್ರದ್ಧೆಯಿಂದ ಒಬ್ಬ ಅಧಿಕಾರಿ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಮಾತನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆಯಿಂದ ಅಳೆದರು. ಬಾವಿಗೆ ಬಗ್ಗಿ ನೋಡಿದರು. ತೆಂಗಿನ ಸಾಲಿನ ನಡುವೆ ಗಾಳಿಯೇ ಇರಲಿಲ್ಲ. ನೆಲ ಅಂಗಾಲನ್ನು ಸುಡುತ್ತಿತ್ತು. ಹುಡುಗಿ ಅವರ ಮುಂದೆ ಮುಂದೆ ನಡೆದಳು. ಕೆಳಗಿನ ಅಂಚಿನ ತೆಂಗಿನಮರದ ಹತ್ತಿರ ನಿಂತು, ಕಾಂಡದ ಮೇಲೆ ತನ್ನ ಭುಜದ ಮಟ್ಟಕ್ಕಿದ್ದ ಬೂದುಗೆರೆಯ ಮೇಲೆ ಬೆರಳಿಟ್ಟಳು.

"ಇಲ್ಲೀಗಂಟ ನೀರು ಬತ್ತದೆ ಸಾರ್. ಇದು ಈ ವರ್ಷದ್ದು. ಅಲ್ಲಿ ಮೇಲಿಂದು ಹ್ವಾದ ವರ್ಷದ್ದು."

ಸಾಹೇಬರು ಉಗುರಿನಿಂದ ಗೆರೆಯನ್ನು ಕೆರೆದರು. "ಇದು ಗೆದ್ದಲು ಹತ್ತಿದ ಮಣ್ಣಮ್ಮ. ಔಷಧಿ ಹೊಡೆಸಿ."

"ಗೆದ್ಲು ಎಲ್ಲಾ ಮರಕ್ಕೂ ಒಂದೇ ಮಟ್ಟಕ್ಕೆ ಹತ್ತದಾ ಸಾರ್?"

ಸಾಹೇಬರು ಅವಳನ್ನೊಮ್ಮೆ ನೋಡಿದರು. ನನ್ನ ತಂದೆ ನಡುವೆ ಬಂದು, "ಚುರುಕಾಗವ್ಳೆ ಹುಡ್ಗಿ," ಎಂದು ನಕ್ಕು ಮಾತು ತೇಲಿಸಿದರು. ಒಂದು ಗೋಡೆಗೆ ಸೈಕಲ್ ಒರಗಿತ್ತು. ಸಾಹೇಬರು ಅದನ್ನೂ ಗುರುತು ಹಾಕಿಕೊಂಡರು.

ಚಾವಡಿಯ ಕಟ್ಟೆಗೆ ಬಂದು ಕೂತಮೇಲೆ ಅವರು ಕಡತ ತೆರೆದು ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿದರು. "ಸರ್ವ ದಿಕ್ಕುಗಳಲ್ಲಿಯೂ ಜಲಾವೃತ..." ಎಂದು ಓದಿ, ನಾಲ್ಕು ದಿಕ್ಕಿಗೂ ತಲೆ ತಿರುಗಿಸಿದರು. ನಾಲ್ಕು ದಿಕ್ಕಿನಲ್ಲೂ ದನ ಮೇಯುತ್ತಿದ್ದವು.

"ನೀವು ಎಂ.ಎ. ಅಲ್ವೇನಮ್ಮ? ದ್ವೀಪ ಅಂದ್ರೇನು?"

"ಸುತ್ತ ನೀರಿರೋ ಭೂಮಿ ಸಾರ್."

"ನೀರೆಲ್ಲಿ?"

"ಕಾರ್ತೀಕದಲ್ಲಿ ಬನ್ನಿ ಸಾರ್, ತೋರಿಸ್ತೀವಿ."

"ಕಾರ್ತೀಕದಲ್ಲಿ ಕಾರು ಬರೋದಿಲ್ವಲ್ಲಮ್ಮ," ಎಂದರು ಸಾಹೇಬರು, ಸಹಜವಾಗಿ, ತಾಳ್ಮೆಯಿಂದ.

ತಾವು ಏನು ಹೇಳಿದೆವೆಂದು ಅವರಿಗೆ ಕೇಳಿಸಲಿಲ್ಲ. ಹುಡುಗಿಗೆ ಕೇಳಿಸಿತು, ಅವಳು ನನ್ನ ಕಡೆ ನೋಡಿದಳು. ಈಗ ಮಾತಾಡುತ್ತೀರಿ ಅಲ್ಲವೇ ಎಂಬ ನೋಟ ಅದು. ನಾನು ಮಾತಾಡಿದೆ, ಇಲ್ಲವೆಂದಲ್ಲ. ಆ ದಾರಿ ನಿನ್ನೆ ಮೊನ್ನೆ ಹಾಸಿದ್ದು, ಮೊದಲ ನೀರಿಗೆ ತೇಲಿಹೋಗುತ್ತದೆ, ಮಟ್ಟೆ ಮುಳುಗುವುದಿಲ್ಲ ಎಂದೆ. "ನಿನ್ನೇದೋ ಮೊನ್ನೇದೋ, ದಾರಿ ದಾರೀನೇ," ಎಂದರು ಅವರು. "ನಾನು ಕಂಡದ್ದನ್ನ ಬರೀಬೇಕು. ಕಾಣದೇ ಇರೋದನ್ನ ಹೇಗೆ ಬರೀಲಿ?" ಸ್ಥಳದಲ್ಲಿ ಕಂಡದ್ದನ್ನು ದಾಖಲಿಸಿ ಮಹಜರು ಬರೆಯಬೇಕಾಗಿದ್ದ ಗ್ರಾಮದ ಲೆಕ್ಕಿಗ ಅಂದು ಬಂದಿರಲಿಲ್ಲ. ಸಾಹೇಬರ ಬಲಗೈ ಬೆರಳಿಗೆ ಬಟ್ಟೆ ಸುತ್ತಿತ್ತು, ಯಾವುದೋ ಗಾಯ. "ನಿಮ್ಮ ಮಗಳ ಅಕ್ಷರ ಚೆನ್ನಾಗಿದೆ, ಮಹಜರು ಅವರೇ ಬರೀಲಿ," ಎಂದರು ತಂದೆಗೆ.

ನಾನು ಪೆನ್ನು ಮುಚ್ಚಿ ಕೂತೆ. ತಂದೆ ಬಗ್ಗಿ ಕಿವಿಯಲ್ಲಿ, "ಬರಿಯವ್ವ, ಮನೆಗೆ ಹೋಗಿ ಮಾತಾಡೋಣ. ದೊಡ್ಡೋರ ಮುಂದೆ ಹಠ ಬ್ಯಾಡ," ಎಂದರು. ಸೀರೆ ಬೆನ್ನಿಗೆ ಅಂಟಿತ್ತು, ಬಿಸಿಲಿಗೆ ಕಣ್ಣು ಮಂಜಾಗಿತ್ತು, ಬೆಳಗಿನಿಂದ ಎಳನೀರು ಬಿಟ್ಟು ಬೇರೇನೂ ಹೊಟ್ಟೆಗಿಳಿದಿರಲಿಲ್ಲ. ಈ ಕಾರಣಗಳನ್ನು ನಾನು ಬಹಳ ಕಾಲ ನನಗೇ ಹೇಳಿಕೊಂಡೆ. ಯಾವುದೂ ಕಾರಣವಲ್ಲ. ಒಲ್ಲೆ ಎಂದು ಎದ್ದಿದ್ದರೆ ಆಗುತ್ತಿದ್ದುದು ಇಷ್ಟೇ: ತಂದೆಗೆ ಮುಜುಗರ, ಸಾಹೇಬರಿಗೆ ಸಿಟ್ಟು. ಇವೆರಡನ್ನು ತಡೆಯುವುದಕ್ಕಾಗಿ ನಾನು ಪೆನ್ನಿನ ಮುಚ್ಚಳ ತೆಗೆದೆ.

"ಸದರಿ ಸ್ಥಳವು ದ್ವೀಪವಾಗಿರುವುದಿಲ್ಲ. ಸದರಿ ಸ್ಥಳಕ್ಕೆ ವಾಹನ ಸಂಚಾರಕ್ಕೆ ಯೋಗ್ಯವಾದ ಮಾರ್ಗವಿದ್ದು, ಗ್ರಾಮಸ್ಥರೇ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿರುತ್ತಾರೆ." ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೈ ಅಭ್ಯಾಸಬಲದಿಂದ ಗುಂಡಗೆ ಬರೆಯಿತು. "ಬೇಸಿಗೆಯಲ್ಲಿ" ಎಂಬ ಒಂದು ಪದ ಸೇರಿಸಲೇ ಎಂದು ಕೇಳಿದೆ. "ತಾರೀಖು ಹಾಕಿದ್ದೀವಲ್ಲ, ಅದರಲ್ಲೇ ಬಂತು," ಎಂದರು. ನನ್ನ ಅರ್ಜಿಯಲ್ಲೂ ಇಲ್ಲದ ಪದ ಅದು. ನಾನು ಮುಂದಿನ ಸಾಲು ಬರೆದೆ.

ಓದಿ ಹೇಳಿದೆ. ಆಗ ನಡೆದದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗಡ್ಡೆಯ ಗಂಡಸರ ಮುಖ ಅರಳಿತು. "ಗ್ರಾಮಸ್ಥರೇ ಸುಸ್ಥಿತಿಯಲ್ಲಿ" ಎಂಬ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಎರಡು ದಿನ ಮಟ್ಟೆ ಹೊತ್ತ ತಮ್ಮ ಕೆಲಸವನ್ನು ಸರ್ಕಾರ ಕಾಗದದಲ್ಲಿ ಹೊಗಳಿದೆ ಎಂದು ಅವರು ತಿಳಿದರು. "ನೋಡ್ರಪ್ಪ, ಕೆಲ್ಸ ಮಾಡಿದ್ದು ವೇಸ್ಟಾಗ್ಲಿಲ್ಲ," ಎಂದ ಹುಡುಗಿಯ ಅಪ್ಪ. ಹೆಬ್ಬೆಟ್ಟು ಒತ್ತಲು ಮೊದಲು ಮುಂದೆ ಬಂದವನು ಅವನೇ.

"ಅಪ್ಪ, ಒತ್ತಬ್ಯಾಡ," ಎಂದಳು ಹುಡುಗಿ. "ನಮ್ಗೆ ದಾರಿ ಐತೆ ಅಂತ ಬರ್ದವ್ರೆ."

"ಐತಲ್ಲವ್ವ! ನಾವೇ ಅಲ್ವ ಮಾಡಿದ್ದು?"

"ದಾರಿ ಐತೆ ಅಂದ್ರೆ ಇನ್ನೊಂದು ಕೊಡಲ್ಲ ಕಣಪ್ಪ."

"ಬುಡವ್ವ, ಸಾಹೇಬ್ರು ಅಷ್ಟು ಬಿಸ್ಲಲ್ಲಿ ಬಂದು ಸುಳ್ ಬರೀತಾರಾ? ಅಕ್ಕೋರೇ ಬರ್ದವ್ರೆ," ಎಂದು ಅವನು ನನ್ನ ಕಡೆ ಕೈ ತೋರಿಸಿದ. ಹುಡುಗಿ ನನ್ನನ್ನೇ ನೋಡುತ್ತ ನಿಂತಳು. ನಾನು ಮಸಿಯ ಪ್ಯಾಡನ್ನು ಅವನ ಮುಂದೆ ಸರಿಸಿದೆ. ಕಾರಿನಲ್ಲಿ ವಾಪಸು ಬರುವಾಗ ತಂದೆ, ಸಾಹೇಬರು ಇಬ್ಬರೂ ಅವರ ಉಪಚಾರವನ್ನು ಹೊಗಳಿದರು.

ಮನೆಯಲ್ಲಿ ಜಗಳವಾಡಿದೆ. ಮೂರು ದಿನ ತಂದೆಯ ಜೊತೆ ಮಾತು ಬಿಟ್ಟೆ. ಮೇಲಿನ ಕಚೇರಿಗೆ ಪತ್ರ ಬರೆದೆ, ಪತ್ರಿಕೆಗೂ ಬರೆದೆ. ಅಚ್ಚಾಗಲಿಲ್ಲ, ಉತ್ತರವೂ ಬರಲಿಲ್ಲ. ಬರೆದದ್ದರಲ್ಲೆಲ್ಲ ಮಹಜರಿನ ಅಕ್ಷರ ಯಾರದೆಂಬುದನ್ನು ಮಾತ್ರ ಬಿಟ್ಟಿದ್ದೆ. ಆಷಾಢದಲ್ಲಿ ಗಡ್ಡೆಗೆ ಕಚೇರಿಯಿಂದ ಒಂದು ಸಾಲಿನ ಹಿಂಬರಹ ಬಂತು: ಈಗಾಗಲೇ ಮಾರ್ಗವಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ. ಆಶ್ವೀಜದಲ್ಲಿ ಕೆರೆ ತುಂಬಿತು. ಮೊದಲ ದಿನವೇ ದಾರಿಗೆ ದಾರಿಯೇ ಎದ್ದು ತೇಲಿ, ಗಾಳಿಗೆ ಏರಿಯ ಮೂಲೆಗೆ ಹೋಗಿ ಒಟ್ಟಿಕೊಂಡಿತಂತೆ. ಗಡ್ಡೆಯ ಹೆಂಗಸರು ತೆಪ್ಪದ ಮೇಲೆ ಹೋಗಿ ಒದ್ದೆ ಮಟ್ಟೆಯನ್ನು ಉರುವಲಿಗೆ ಆರಿಸಿ ತಂದರು.

ಹುಡುಗಿ ಆ ವರ್ಷ ಪುಸ್ತಕಗಳನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತೆಪ್ಪದ ಮೇಲೆ ಶಾಲೆಗೆ ಹೋದಳು, ಗಾಳಿಯಿಲ್ಲದ ದಿನಗಳಲ್ಲಿ. ಗಾಳಿಯಿಲ್ಲದ ದಿನಗಳು ಸಾಲಲಿಲ್ಲ. ಹೆಡ್ಮಾಸ್ತರು ಒಂದು ಉಪಾಯ ಹೇಳಿದರು: ನೀರಿನಿಂದ ಊರಿನ ಸಂಪರ್ಕ ಕಡಿದಿತ್ತೆಂದು ಕಚೇರಿಯಿಂದ ಒಂದು ಪತ್ರ ತಂದರೆ ಹಾಜರಾತಿ ಮನ್ನಾ ಮಾಡಿಸಬಹುದು. ಪುಷ್ಯಮಾಸದ ಒಂದು ಬೆಳಗ್ಗೆ ಅವಳನ್ನು ಕರೆದುಕೊಂಡು ನಾನು ಕಚೇರಿಗೆ ಹೋದೆ. ಏರುದನಿಯಲ್ಲಿ ಮಾತಾಡಲು ಸಿದ್ಧಳಾಗಿಯೇ ಹೋಗಿದ್ದೆ, ಮಾತಾಡಿದೆ ಕೂಡ. ಗುಮಾಸ್ತರು ಸಿಟ್ಟಾಗಲಿಲ್ಲ. ಎದ್ದು ಹೋಗಿ ಕಡತ ತಂದು ನಮ್ಮಿಬ್ಬರ ಮುಂದೆ ತೆರೆದಿಟ್ಟರು.

"ನೀವೇ ಓದಿ ನೋಡ್ರಮ್ಮ. ವಾಹನ ಸಂಚಾರಕ್ಕೆ ಯೋಗ್ಯವಾದ ಮಾರ್ಗ. ಊರೋರೆಲ್ಲ ಹೆಬ್ಬೆಟ್ಟು ಹಾಕವ್ರೆ. ಈಗ ಸಂಪರ್ಕ ಇರ್ಲಿಲ್ಲ ಅಂತ ನಾನು ಹೆಂಗೆ ಬರ್ಕೊಡ್ಲಿ?"

"ಅದು ಬೇಸಿಗೆ ಮಾತು. ಈಗ ಬಂದು ಕಣ್ಣಾರೆ ನೋಡಿ."

"ಬೇಸಿಗೆ ಅಂತ ಎಲ್ಲಿದೆ ಇದ್ರಲ್ಲಿ, ತೋರ್ಸಿ. ಯಾರು ಬರ್ದವ್ರೋ, ಮುತ್ತು ಪೋಣ್ಸಿದಂಗಿದೆ. ಒಂದು ಚಿತ್ತು ಇಲ್ಲ, ಕಾಟಿಲ್ಲ."

ಹುಡುಗಿ ಕಡತವನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಪ್ಪನ ಹೆಬ್ಬೆಟ್ಟಿನ ಗುರುತಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟಳು. ಆಮೇಲೆ ಮುಚ್ಚಿ ಗುಮಾಸ್ತರಿಗೆ ಕೊಟ್ಟು, "ಬತ್ತೀವಿ ಸಾರ್," ಎಂದಳು.

ಪರಿಶೀಲನೆಗೆ ಬರುವವನು ತನ್ನ ಕಾರು ಬರಲಾರದ ಕಾಲದಲ್ಲಿ ಬರಬೇಕು, ಬಂದು ಕಂಡದ್ದಕ್ಕೆ ತನ್ನ ಹೆಸರು ಹಾಕಿ ಹೊಣೆ ಹೊರಬೇಕು ಎಂದು ನಾನು ಇಂದಿಗೂ ಕೇಳುತ್ತೇನೆ. ಆದರೆ ಬರೆದುಕೊಟ್ಟವರ ಹೊಣೆ ಎಲ್ಲಿ ಎಂದು ಯಾರಾದರೂ ಕೇಳಲಿ ಎಂದೇ ಇದನ್ನೆಲ್ಲ ಬರೆದೆ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಆ ಹುಡುಗಿಯೂ.

ಬಸ್ಸಿಳಿದು ಏರಿಯ ಮೇಲೆ ನಡೆದೆವು. ಬಿಸಿಲು ನೆತ್ತಿಗೆ ಬಂದಿತ್ತು. ತುಂಬಿದ ಕೆರೆಯಿಂದ ಕಣ್ಣು ಕೋರೈಸುವ ಝಳ. ತೂಬಿನ ಹತ್ತಿರ ಅವಳಪ್ಪ ತೆಪ್ಪ ಹಿಡಿದುಕೊಂಡು ಮೊಣಕಾಲುದ್ದ ನೀರಿನಲ್ಲಿ ಕಾಯುತ್ತಿದ್ದ. ದೂರದಿಂದಲೇ ಕೂಗಿದ: "ಏನಂದ್ರವ್ವಾ? ಬರ್ಕೊಟ್ರಾ?"

ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಲಂಗ ಎತ್ತಿಕಟ್ಟಿ ನೀರಿಗಿಳಿದಳು. ತೆಪ್ಪದ ಮೇಲೆ ಹತ್ತಿ ಕೂತು, ನನ್ನ ಕಡೆ ತಿರುಗದೆ, ಅಪ್ಪನಿಗೆ ಹೇಳಿದಳು:

"ದಾರಿ ಐತಂತೆ ಕಣಪ್ಪ. ನಡಿ."